ಪೆರಾಬೆಯಲ್ಲಿ ಕುಡಿದ ಕಾಫಿ

ಪುತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಎರಡೂ ಕೈ ಮುಂದಕ್ಕೆ ಚಾಚಿಸಿ, ಬೆರಳುಗಳ ಮೇಲೆ ಒಂದು ಕಾಗದದ ಹಾಳೆ ಇಟ್ಟರು. ಹಾಳೆ ನಡುಗಿತು. ಕಿಟಕಿಯ ಗಾಳಿ ಇರಬೇಕು ಎಂದೆ. ಅವರು ಎದ್ದು ಹೋಗಿ ಕಿಟಕಿ ಮುಚ್ಚಿ ಬಂದರು. ಹಾಳೆ ಆಗಲೂ ನಡುಗುತ್ತಿತ್ತು.

ಕಿಟಕಿಯ ವಿಷಯದಲ್ಲಿ ನನಗೆ ಈಗ ಸಂಶಯವಿದೆ. ಅದು ನಿಜವಾಗಿ ನಡೆದದ್ದೋ, ಹಲವರಿಗೆ ಹೇಳುತ್ತ ಹೇಳುತ್ತ ನಾನೇ ಸೇರಿಸಿದ್ದೋ ತಿಳಿಯದು. ಹಾಳೆಯ ಬಗ್ಗೆ ಸಂಶಯವಿಲ್ಲ. ಅದರ ಅಂಚು ಪಟಪಟ ಎನ್ನುತ್ತಿದ್ದ ಸದ್ದು ಇನ್ನೂ ಕಿವಿಯಲ್ಲಿದೆ.

"ಓಡಿ ಬಂದ್ರಾ?" ಎಂದರು ಡಾಕ್ಟರು.

"ಇಲ್ಲ, ಬಸ್ಸಲ್ಲಿ ಬಂದದ್ದು."

"ಹೆದರಿಕೆಯಾ?"

"ಇಲ್ಲ." ಅದು ಸುಳ್ಳು.

ಅವರು ಮಣಿಕಟ್ಟು ಹಿಡಿದು ಗಡಿಯಾರ ನೋಡಿದರು. ಹೊರಗೆ ಬೆಂಚಿನ ಮೇಲೆ ಕೂರಿಸಿ, ಬೇರೆ ರೋಗಿಗಳನ್ನೆಲ್ಲ ನೋಡಿ ಮುಗಿಸಿ, ಮತ್ತೆ ಕರೆದು ಹಿಡಿದರು. ನಾಡಿಯ ಓಟ ಇಳಿದಿರಲಿಲ್ಲ. ಬೆಳಿಗ್ಗೆಯಿಂದ ಏನು ತಿಂದಿರಿ ಎಂದು ಕೇಳಿದರು. ತಿಂದದ್ದು ಏನೂ ಇಲ್ಲ, ಕಾಫಿ ಮಾತ್ರ ಎಂದೆ.

"ಎಷ್ಟು?"

ನೆಂಟರ ಮನೆಯಲ್ಲಿ ಕುಡಿದ ಕಾಫಿಯನ್ನು ಯಾರು ಲೆಕ್ಕ ಇಡುತ್ತಾರೆ?

ಅರವತ್ತರ ದಶಕದ ಮೊದಲ ವರ್ಷಗಳು. ಬಿ.ಎ. ಮುಗಿಸಿ ಮರ್ಕಂಜದ ಮನೆಗೆ ಬಂದಿದ್ದೆ. ಸುಳ್ಯದ ಕಡೆಯ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತ್ತು. ಸೇರುವ ಮೊದಲು ದೇಹ ಸರಿಯಿದೆ ಎಂದು ಡಾಕ್ಟರ ಸರ್ಟಿಫಿಕೇಟು ತರಬೇಕಿತ್ತು. ಅಂದು ಬೆಳಿಗ್ಗೆ ಮನೆಯಲ್ಲಿ ಕುಡಿದು ಹೊರಟವನು, ದಾರಿಯಲ್ಲಿ ಸಿಗುವ ಸೋದರತ್ತೆಯ ಮನೆಗೆ ಕೆಲಸದ ಸುದ್ದಿ ಹೇಳಲು ಹೊಕ್ಕೆ. ಅವರಿಗೆ ಹೇಳಿ ದೊಡ್ಡಪ್ಪನಿಗೆ ಹೇಳದೆ ಹೋಗುವ ಹಾಗಿಲ್ಲ. ಬಸ್ಸಿನ ರಸ್ತೆಯ ಬದಿಯಲ್ಲಿ ಅವ್ವನ ಕಡೆಯವರ ಮನೆ. ಪುತ್ತೂರಿನಲ್ಲಿ ಇಳಿದರೆ ಹಾಸ್ಟೆಲಿನ ಹಳೆಯ ಗೆಳೆಯ ಕೈಹಿಡಿದು ಹೋಟೆಲಿಗೆ ಎಳೆದ. ನೆಂಟರಲ್ಲಿ ಎಲ್ಲ ಕಡೆ ಮೊದಲು ಬೆಲ್ಲ ನೀರು, ಆಮೇಲೆ ಕಾಫಿ. ಹೋಟೆಲಿನಲ್ಲೂ ಕಾಫಿಯೇ.

ನಮ್ಮಲ್ಲಿ ಕಾಫಿ ಬೀಜ ಮಡಿಕೇರಿ ಕಡೆಯಿಂದ ಬರುತ್ತಿತ್ತು. ಕಾವಲಿಯಲ್ಲಿ ಕಪ್ಪಾಗುವವರೆಗೆ ಹುರಿದು, ಮೇಜಿಗೆ ತಿರುಪು ಹಾಕಿ ಕೂರಿಸಿದ ಮಿಷನ್ನಿನಲ್ಲಿ ಹುಡಿ ಮಾಡಿ, ಬೆಲ್ಲದ ನೀರಿನಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ ಹಾಲು ಬೆರೆಸುತ್ತಿದ್ದರು. ಹೊಸ ಸುದ್ದಿ ತಂದವನಿಗೆ ಹುಡಿ ಸ್ವಲ್ಪ ಹೆಚ್ಚೇ ಬೀಳುತ್ತಿತ್ತು.

ಡಾಕ್ಟರು ಬೆರಳಿನಿಂದ ಮೇಜನ್ನು ಕುಟ್ಟಿದರು. "ಕಾಫಿಯಲ್ಲಿ ಕೆಫೀನ್ ಅಂತ ಉಂಟು. ಕೆಲವರಿಗೆ ಅದು ಬೇಗ ಇಳಿಯುದಿಲ್ಲ, ಎದೆ ಹೊಡ್ಕೊಳ್ತದೆ, ಕೈ ನಡುಗ್ತದೆ. ನಿಮ್ಮದು ಅದಾ, ಅಥವಾ ಹಾರ್ಟೇ ಹೀಗಾ ಅಂತ ನನಗೆ ಗೊತ್ತಾಗ್ಬೇಕು. ಎರಡು ವಾರ ಕಾಫಿ ಮುಟ್ಬೇಡಿ. ಚಾ ಕೂಡ ಬೇಡ. ಮತ್ತೆ ಬನ್ನಿ. ಆಗಲೂ ಹೀಗೇ ಇದ್ರೆ ಸರ್ಟಿಫಿಕೇಟು ಕೊಡ್ಲಿಕ್ಕೆ ಆಗುದಿಲ್ಲ."

ಬಹಳ ವರ್ಷಗಳ ಮೇಲೆ ನಾನು ಇದನ್ನು ಓದಿ ತಿಳಿದುಕೊಂಡೆ. ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಒಂದು ವಸ್ತು ಕೂಡುತ್ತ ಹೋಗುತ್ತದಂತೆ, ದಣಿವಾಯಿತು ಎಂದು ತಿಳಿಸುವುದು ಅದರ ಕೆಲಸ. ಕೆಫೀನು ಅದು ಕೂರಬೇಕಾದ ಜಾಗದಲ್ಲಿ ಹೋಗಿ ಕೂರುತ್ತದೆ, ಬಸ್ಸಿನಲ್ಲಿ ಹೆಗಲ ಬೈರಾಸು ಹಾಕಿ ಸೀಟು ಹಿಡಿದ ಹಾಗೆ. ದಣಿವು ಹೋಗುವುದಿಲ್ಲ, ನಿಂತುಕೊಂಡು ಕಾಯುತ್ತದೆ. ಓದಿದಾಗ ಸಮಾಧಾನವಾಯಿತು. ಆದರೆ ಆ ದಿನ ಬಸ್ಸಿನಲ್ಲಿ ಮನೆಗೆ ಮರಳುವಾಗ ನನ್ನಲ್ಲಿದ್ದದ್ದು ಈ ತಿಳಿವಳಿಕೆಯಲ್ಲ. ನನ್ನ ಚಿಕ್ಕಪ್ಪ ಗದ್ದೆಯ ಅಂಚಿನ ಹುಣಿಯ ಮೇಲೆ ನಡೆಯುತ್ತಿದ್ದವರು ಅಲ್ಲೇ ಕುಸಿದು ತೀರಿಕೊಂಡಿದ್ದರು. ವಯಸ್ಸಾಗಿರಲಿಲ್ಲ. ಬಸ್ಸು ಗುಂಡಿಗೆ ಬಿದ್ದು ಎದ್ದಾಗಲೆಲ್ಲ ಕುಲುಕಿದ್ದು ಬಸ್ಸೋ ನನ್ನ ಎದೆಯೋ ಎಂದು ಅಂಗಿಯ ಮೇಲಿನಿಂದ ಮುಟ್ಟಿ ನೋಡುತ್ತಿದ್ದೆ.

ಅಪ್ಪ ಎಲ್ಲವನ್ನೂ ಕೇಳಿದರು. ಆಮೇಲೆ, "ಯಾರಿಗೂ ಹೇಳ್ಬೇಡ," ಎಂದರು. (ಮನೆಯಲ್ಲಿ ನಾವು ಆಡುತ್ತಿದ್ದದ್ದು ಅರೆಭಾಷೆ. ಇಲ್ಲಿ ಬರೆಯುವಾಗ ಅದು ಊರ ಕನ್ನಡವಾಗಿಬಿಟ್ಟಿದೆ. ಅವರು ಆಡಿದ ಮಾತು ಇದೇ ಎಂದು ನಾನು ಆಣೆ ಹಾಕಲಾರೆ.)

"ಕಾಫಿ ಬೇಡ ಅಂದ್ರೆ ಕಾರಣ ಕೇಳ್ತಾರಲ್ಲ?"

"ಹೊಟ್ಟೆ ಸರಿಯಿಲ್ಲ ಅಂತ ಹೇಳು. ಎದೆ ಅಂತ ಹೇಳಿದ್ರೆ ಜನ ಕ್ಷಯ ಅಂತ ತಿಳ್ಕೊಳ್ತಾರೆ. ಅಕ್ಕನ ಸಂಬಂಧ ಮಾತಾಡ್ತಾ ಉಂಟು, ಗೊತ್ತುಂಟಲ್ಲ?"

ಗೊತ್ತಿತ್ತು. ಅಕ್ಕನನ್ನು ಪೆರಾಬೆಯಿಂದ ಬಂದು ನೋಡಿ ಹೋಗಿದ್ದರು. ಅದಕ್ಕೆ ಮೊದಲು ಬಂದಿದ್ದ ಎರಡು ಸಂಬಂಧಗಳು ಮುಂದೆ ಹೋಗಿರಲಿಲ್ಲ, ಕಾರಣವನ್ನು ಯಾರೂ ಹೇಳಿರಲಿಲ್ಲ. ಪೆರಾಬೆಯವರು ಹುಡುಗಿ ಹಿಡಿಸಿದ್ದಾಳೆ ಎಂದು ಸೋದರಮಾವನ ಮೂಲಕ ತಿಳಿಸಿದ್ದರು. ಇನ್ನು ನಾವು ಹೋಗಿ ಅವರ ಮನೆ ನೋಡಬೇಕು. ಅಕ್ಕ ಹುಡುಗನನ್ನು ಒಂದೇ ಸಲ, ಎಲೆ ಅಡಿಕೆಯ ತಟ್ಟೆ ಕೊಡುವಾಗ ನೋಡಿದ್ದು. ಮರುದಿನ ಅವ್ವನ ಹತ್ತಿರ, "ಮಾತು ಕಡಿಮೆ ಉಂಟು. ಅದು ಒಳ್ಳೇದು. ನಮ್ಮ ಮನೆಯಲ್ಲಿ ಮಾತಿಗೆ ಬರಗಾಲ ಇಲ್ಲ," ಎಂದಳಂತೆ. ಅಕ್ಕನ ಮಟ್ಟಿಗೆ ಅದು ಒಪ್ಪಿಗೆ.

ಕಾಫಿ ಬಿಟ್ಟ ಮಾರನೆಯ ದಿನ ಮಧ್ಯಾಹ್ನ ತಲೆನೋವು ಶುರುವಾಯಿತು. ಕಣ್ಣಿನ ಹಿಂದೆ ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗೆ. ಕೂತರೆ ತೂಕಡಿಕೆ, ಮಲಗಿದರೆ ನಿದ್ದೆಯಿಲ್ಲ. ಅಂಗಳದ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ. ಪುಸ್ತಕ ತೆರೆದರೆ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೆ. ಅವ್ವ ಬೀಜ ಹುರಿಯುವ ವಾಸನೆ ಬಂದಾಗ ಬಾಯಲ್ಲಿ ನೀರೂರಿ, ಅದರ ಹಿಂದೆಯೇ ಸಿಟ್ಟೂ ಬರುತ್ತಿತ್ತು.

"ಹೊರಗೆ ಹುರಿಯಬಾರ್ದಾ?" ಎಂದು ಒಮ್ಮೆ ಗದರಿದೆ.

"ಹೊರಗೆ ಒಲೆ ಕಟ್ಟಿಸಿ ಕೊಟ್ಟಿದ್ದೀಯಾ, ಮೇಷ್ಟ್ರೆ?" ಎಂದು ಅವ್ವ ಕೇಳಿದರು. ಕೆಲಸಕ್ಕೆ ಸೇರುವ ಮೊದಲೇ ಮೇಷ್ಟ್ರು ಎಂದು ಕರೆದದ್ದು ನನಗೆ ಅಪಶಕುನದಂತೆ ಕೇಳಿಸಿತು.

ನನಗೆ ಆಗ ಉತ್ತರ ಹೊಳೆಯದ ಒಂದು ಪ್ರಶ್ನೆಯಿತ್ತು. ಕಾಫಿ ಕುಡಿದಾಗಿನ ತಳಮಳ ಕಾಫಿಯದ್ದು ಎಂದಾದರೆ ಕುಡಿಯದಾಗಿನ ಈ ತಳಮಳ ಯಾರದ್ದು? ಕಾಫಿ ಬಿಟ್ಟವರಿಗೆ ಕೆಲವು ದಿನ ಹೀಗಾಗುತ್ತದೆ ಎಂದು ಡಾಕ್ಟರು ಹೇಳಿರಲಿಲ್ಲ. ಅಥವಾ ಹೇಳಿದ್ದರು, ನಾನು ಕೇಳಿಸಿಕೊಂಡಿರಲಿಲ್ಲ. ತಲೆನೋವು, ಸಿಡಿಮಿಡಿ ಎಲ್ಲವನ್ನೂ ನಾನು ಚಿಕ್ಕಪ್ಪನ ಸಾವಿನ ಲೆಕ್ಕಕ್ಕೆ ಹಾಕಿಕೊಳ್ಳುತ್ತಿದ್ದೆ.

ಸೋದರತ್ತೆ ಒಮ್ಮೆ ಅವರ ಮನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದರು. "ಕಾಫಿ ಬೇಡ, ಚಾ ಬೇಡ. ಕೆಲಸ ಸಿಕ್ಕಿದ ಮೇಲೆ ನಮ್ಮ ಲೋಟೆ ಆಗುದಿಲ್ವಾ ನಿನಗೆ?"

"ಹೊಟ್ಟೆ ಸರಿಯಿಲ್ಲ ಅತ್ತೆ."

"ಹೊಟ್ಟೆ ಸರಿಯಿಲ್ಲದವ ಹಲಸಿನ ಹಣ್ಣು ತಿಂತೀಯಲ್ಲ, ಮಾರಾಯ?"

ಕೈಯಲ್ಲಿ ಸೊಳೆ ಇತ್ತು. ಬಾಯಲ್ಲೂ ಇತ್ತು.

ಪೆರಾಬೆಗೆ ಹೋಗುವ ದಿನವನ್ನು ಅವರ ಕಡೆಯವರೇ ನೋಡಿ ಹೇಳಿ ಕಳಿಸಿದರು. ಅದು ನಾನು ಪುತ್ತೂರಿಗೆ ಮತ್ತೆ ಹೋಗಬೇಕಾದ ದಿನಕ್ಕಿಂತ ಸ್ವಲ್ಪ ಮೊದಲು ಬಿತ್ತು. ಮುಂದೆ ಹಾಕುವಂತಿರಲಿಲ್ಲ. ಮುಂದೆ ಹಾಕಿದರೆ ಮನಸ್ಸಿಲ್ಲ ಎಂದೇ ತಿಳಿಯುತ್ತಾರೆ. ನಾನು ಹೋಗದೆ ಉಳಿಯುವಂತೆಯೂ ಇರಲಿಲ್ಲ. ನಮ್ಮ ಬಳಗದಲ್ಲಿ ಒಂದು ಪದ್ಧತಿಯಿತ್ತು. ಮನೆ ನೋಡಲು ಹೋದವರು ಒಪ್ಪಿಗೆಯನ್ನು ಬಾಯಲ್ಲಿ ಹೇಳುವುದಿಲ್ಲ. ಹುಡುಗಿಯ ಒಡಹುಟ್ಟಿದವನ ಕೈಗೆ ಕಾಫಿ ಕೊಡುತ್ತಾರೆ. ಅವನು ಲೋಟೆ ಖಾಲಿ ಮಾಡಿದರೆ ಮನೆ ಹಿಡಿಸಿತು, ಮಾತು ಮುಂದುವರಿಸಬಹುದು. ಮುಟ್ಟದೆ ಇಟ್ಟರೆ ಎರಡೂ ಕಡೆಯವರು ಮಳೆ ಬೆಳೆಯ ಮಾತಾಡಿ ಎದ್ದು ಬರುತ್ತಾರೆ. ಬೇಡ ಎಂಬ ಮಾತನ್ನು ಯಾರೂ ಆಡಬೇಕಾಗುವುದಿಲ್ಲ, ಯಾರ ಮುಖವೂ ಮುರಿಯುವುದಿಲ್ಲ. ಒಳ್ಳೆಯ ಪದ್ಧತಿಯೇ. ಕಾಫಿ ಕುಡಿಯಬಾರದ ತಮ್ಮನೊಬ್ಬ ಇರಬಹುದು ಎಂದು ಮಾತ್ರ ಅದನ್ನು ಮಾಡಿದವರಿಗೆ ಹೊಳೆದಿರಲಿಲ್ಲ.

"ಒಂದು ಲೋಟೆಯಿಂದ ಎಂತ ಆಗುದಿಲ್ಲ," ಎಂದರು ಅಪ್ಪ. ಸ್ವಲ್ಪ ಹೊತ್ತಿನ ಮೇಲೆ ಅವರೇ, "ಆದ್ರೂ ಡಾಕ್ಟ್ರು ಮುಟ್ಬೇಡಿ ಅಂದಿದ್ದಾರಲ್ಲ. ಅಲ್ಲಿ ನೋಡುವ," ಎಂದರು. ಕೆಲಸ, ಮಗಳ ಮದುವೆ, ಮಗನ ಪ್ರಾಣ ಈ ಮೂರರ ನಡುವೆ ಅವರು ಹೀಗೆ ಓಡಾಡುತ್ತಿದ್ದರು. ಹೊರಡುವಾಗ ಅಕ್ಕ ನನ್ನ ಅಂಗಿಯ ಕಾಲರು ಸರಿಮಾಡಿದಳು. ಎಂದೂ ಮಾಡದವಳು.

ಅಪ್ಪ, ಸೋದರಮಾವ, ನಾನು. ಕಾಣಿಯೂರಿನ ಕಡೆಯವರೆಗೆ ಬಸ್ಸು, ಆಮೇಲೆ ನಡೆದು, ಕುಮಾರಧಾರೆಯನ್ನು ದೋಣಿಯಲ್ಲಿ ದಾಟಿ ಪೆರಾಬೆ. ಬೆಳಗಿನ ಬಿಸಿಲು ಆಗಲೇ ಚುರುಕಾಗಿತ್ತು. ಮನೆ ದೊಡ್ಡದಲ್ಲ. ಜಗಲಿಗೆ ಹೊಸದಾಗಿ ಸಗಣಿ ಸಾರಿಸಿದ್ದರು, ಒಂದು ಮೂಲೆ ಇನ್ನೂ ಹಸಿ ಇತ್ತು. ಹುಡುಗ ಕಂಬಕ್ಕೆ ಒರಗಿ ನಿಂತಿದ್ದ. ಅವನ ತಂದೆ ನಮ್ಮೊಡನೆ ಚಾಪೆಯ ಮೇಲೆ ಕೂತರು. ತಾಯಿ ಕಾಫಿ ತಂದು ಮೊದಲ ಲೋಟೆಯನ್ನು ನನ್ನ ಕೈಗೇ ಕೊಟ್ಟರು.

ನಮ್ಮಲ್ಲಿ ಲೋಟೆಯನ್ನು ತುಟಿಗೆ ತಾಗಿಸುವುದಿಲ್ಲ, ಎತ್ತಿ ಬಾಯಿಗೆ ಹೊಯ್ದುಕೊಳ್ಳುವುದು. ಹಾಗಾಗಿ ಕುಡಿದಂತೆ ನಟಿಸಲು ಬರುವುದಿಲ್ಲ. ನಾನು ಲೋಟೆಯನ್ನು ಪಕ್ಕದಲ್ಲಿಟ್ಟೆ.

ಸೋದರಮಾವ ತಮ್ಮ ಲೋಟೆ ಖಾಲಿ ಮಾಡಿ, ಹಟ್ಟಿಯಲ್ಲಿ ದನ ಎಷ್ಟುಂಟು ಎಂದು ಕೇಳಿದರು. ಉತ್ತರ ಬಂತು.

"ಬಿಸಿ ಹೆಚ್ಚಾಯ್ತಾ?" ಎಂದು ಹುಡುಗನ ತಾಯಿ ಬಾಗಿಲ ಹತ್ತಿರದಿಂದ ಕೇಳಿದರು.

"ಇಲ್ಲ."

"ಬೆಲ್ಲ ಕಡಿಮೆಯಾ?"

ಮಾವ ನಕ್ಕರು. "ಅವ ಮಂಗಳೂರಲ್ಲಿ ಓದಿದವ ಅಲ್ವಾ? ಸಕ್ಕರೆ ಕಾಫಿ ಆಗ್ಬೇಕು ಅವನಿಗೆ."

"ಸಕ್ಕರೆಯೂ ಉಂಟು ನಮ್ಮಲ್ಲಿ," ಎಂದರು ಅವರು. ದನಿ ಬದಲಾಗಿತ್ತು.

ಹುಡುಗನ ತಂದೆ ಅರ್ಧ ಕುಡಿದಿದ್ದ ತಮ್ಮ ಲೋಟೆಯನ್ನು ನೆಲದ ಮೇಲಿಟ್ಟರು. ಅಪ್ಪ ಅಂಗಳದ ಕಡೆ ನೋಡುತ್ತಿದ್ದರು. ಕಂಬಕ್ಕೆ ಒರಗಿದ್ದ ಹುಡುಗ ನೆಟ್ಟಗೆ ನಿಂತ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯಿತ್ತು. ತನ್ನ ಮನೆಯಲ್ಲಿ ಏನು ಕೊರತೆ ಕಂಡಿತು ಎಂದು ಅವನೂ ಸುತ್ತ ನೋಡಿದ. ಅದನ್ನು ನೋಡಿ ನನ್ನಿಂದ ತಡೆಯಲಾಗಲಿಲ್ಲ. ಲೋಟೆ ಎತ್ತಿ ಒಂದೇ ಉಸಿರಿಗೆ ಕುಡಿದೆ.

ಇಷ್ಟು ದಿನ ಬಿಟ್ಟು ಕುಡಿದ ಕಾಫಿ. ಗಂಟಲಿಳಿದು ಸ್ವಲ್ಪ ಹೊತ್ತಿಗೆ ಕಿವಿಯ ಹಿಂದೆ ಬೆವರಿತು. ಅಷ್ಟು ದಿನಗಳಿಂದ ಮಂಜು ಕವಿದಿದ್ದ ತಲೆ ಒಮ್ಮೆಗೇ ತಿಳಿಯಾಯಿತು. ಬಹಳ ಚೆನ್ನಾಗಿತ್ತು, ಅದನ್ನು ಮುಚ್ಚಿಡಬಾರದು. ಎದೆ ಹೊಡೆದುಕೊಳ್ಳತೊಡಗಿತು. ಅದರ ಜೊತೆಗೇ ಬಾಯಿ ತೆರೆಯಿತು. ಹಟ್ಟಿ ಚೆನ್ನಾಗಿದೆ ಎಂದೆ. ಬಾವಿಯ ಕಟ್ಟೆ ಗಟ್ಟಿಯಾಗಿದೆ ಎಂದೆ. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ಬರುತ್ತಿತ್ತು. ಮಾವ ನನ್ನ ತೊಡೆ ಚಿವುಟಿದ್ದು ಗೊತ್ತಾಯಿತು, ನಿಲ್ಲಿಸಲು ಆಗಲಿಲ್ಲ.

"ನಾನು ಕುಡಿಯದೆ ಇಟ್ಟದ್ದು ಮನೆ ಹಿಡಿಸದೆ ಅಲ್ಲ," ಎಂದೆ. "ಪುತ್ತೂರಲ್ಲಿ ಡಾಕ್ಟ್ರು ಬೇಡ ಅಂದಿದ್ದಾರೆ. ನನ್ನ ಹಾರ್ಟು ಸರಿ ಉಂಟಾ ಅಂತ ನೋಡ್ಬೇಕಂತೆ. ಸರಿಯಿಲ್ಲ ಅಂತ ಹೇಳ್ಲಿಲ್ಲ, ನೋಡ್ಬೇಕು ಅಂದದ್ದು. ನಮ್ಮ ಚಿಕ್ಕಪ್ಪ ಗದ್ದೆಯಲ್ಲಿ ಬಿದ್ದು ಹೋದದ್ದು ಹಾಗೇ. ಅಕ್ಕನಿಗೆ ಎಂತ ಇಲ್ಲ. ಅವಳು ಗಟ್ಟಿ ಇದ್ದಾಳೆ. ಮನೆ ಚೆಂದ ಉಂಟು."

"ಸಾಕು," ಎಂದರು ಅಪ್ಪ.

ಹುಡುಗನ ತಾಯಿ ಒಳಗಿನಿಂದ ಬಂದು ನನ್ನ ಲೋಟೆ ಎತ್ತಿಕೊಂಡರು. "ಮೊದ್ಲೇ ಹೇಳ್ಬಾರ್ದಾ? ಜೀರಿಗೆ ಕಷಾಯ ಮಾಡಿ ಕೊಡ್ತಿದ್ದೆ," ಎಂದರು. ಅವರ ಮುಖ ನೋಡಿ ಏನೂ ಊಹಿಸಲಾಗಲಿಲ್ಲ. ಹುಡುಗನ ತಂದೆ, "ಹೇಳಿ ಕಳಿಸ್ತೇವೆ," ಎಂದರು. ಆ ಮಾತನ್ನು ನಮ್ಮಲ್ಲಿ ಬೇಡವಾದಾಗಲೂ ಆಡುತ್ತಾರೆ.

ದೋಣಿಯಲ್ಲಿ ಅಪ್ಪ ನನಗೆ ಬೆನ್ನು ಹಾಕಿ ಕೂತರು. ಮಾವ ಮಾತ್ರ, "ಕಾಫಿ ಕುಡಿಯದಿದ್ರೆ ಸಂಬಂಧ ಹೋಗ್ತಿತ್ತು. ಈಗ ಕುಡಿದು ಹೋಯ್ತು. ಬಾಯಾರಿಕೆಯಾದ್ರೂ ಹೋಯ್ತಲ್ಲ," ಎಂದರು.

ಪುತ್ತೂರಿಗೆ ಹೋದೆ. ನಾಡಿ ನೋಡಿದರು, ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. "ಎಂತ ಇಲ್ಲ," ಎಂದರು ಡಾಕ್ಟರು. "ನಿಮಗೆ ಕಾಫಿ ಹೆಚ್ಚು ಹಿಡಿಯುದಿಲ್ಲ, ಅಷ್ಟೆ. ಬೆಳಿಗ್ಗೆ ಒಂದು ಕುಡೀರಿ, ಸಾಕು." ಕಾಫಿ ಕುಡಿದರೆ ಮನುಷ್ಯ ಹೇಳಬಾರದ್ದನ್ನು ಹೇಳುತ್ತಾನೆಯೇ ಎಂದು ಕೇಳಿದೆ. "ಕಳ್ಳು ಕುಡಿದ್ರೆ ಹಾಗೆ ಅಂತ ಕೇಳಿದ್ದೇನೆ. ಕಾಫಿಗೆ ಕೇಳ್ಲಿಲ್ಲ," ಎಂದು ನಕ್ಕರು.

ಸರ್ಟಿಫಿಕೇಟು ತಂದು ಅಪ್ಪನ ಮುಂದೆ ಇಟ್ಟೆ. ಅವರ ಕಣ್ಣು ತುಂಬಿತು. ಅಕ್ಕ ಮಾತ್ರ, "ನಿನ್ನ ಹಾರ್ಟು ಸರಿಯುಂಟು ಅಂತ ಪೆರಾಬೆಗೆ ಹೇಳುದು ಯಾರು?" ಎಂದು ಕೇಳಿ ಪಾತ್ರೆ ತೊಳೆಯಲು ಹೋದಳು.

ಯಾರೂ ಹೋಗಿ ಹೇಳುವಂತಿರಲಿಲ್ಲ. ಹೇಳಿ ಕಳಿಸುತ್ತೇವೆ ಎಂದವರ ಮನೆಗೆ ಮತ್ತೆ ಹೋದರೆ ಹುಡುಗಿಯನ್ನು ತಲೆಗೆ ಕಟ್ಟಲು ಬಂದ ಹಾಗೆ. ಕಾದೆವು. ಕಾಫಿಯ ತಲೆನೋವು ಹೋಗಿತ್ತು, ಆದರೆ ಅಂಗಳದಲ್ಲಿ ನಡೆಯುವುದು ನಿಂತಿರಲಿಲ್ಲ. ನಾಯಿ ಬೊಗಳಿದರೆ ಎಲ್ಲರೂ ಒಟ್ಟಿಗೆ ಬೇಲಿ ಬಾಗಿಲಿನ ದಣಪೆಯ ಕಡೆ ತಿರುಗುತ್ತಿದ್ದೆವು. ಬಂದವರು ಬಳೆ ಮಾರುವವರು, ಇಲ್ಲವೆ ಕತ್ತಿ ಸಾಣೆ ಹಿಡಿಯುವವರು. ಅವ್ವ ಒಂದು ದಿನ ಬಳೆಯವಳನ್ನು ಕಾರಣವಿಲ್ಲದೆ ಬೈದು ಕಳಿಸಿ, ಮತ್ತೆ ಕೂಗಿ ಕರೆದು ಕಾಫಿ ಕೊಟ್ಟರು.

ಕೊನೆಗೆ ಒಂದು ಬೆಳಿಗ್ಗೆ ಹುಡುಗನ ತಂದೆಯೇ ಬಂದರು. ಒಬ್ಬರೇ. ಅವ್ವ ಕಾಫಿ ಮಾಡಿ ಕಳಿಸಿದರು. ಅವರು ಲೋಟೆ ಖಾಲಿ ಮಾಡಿ ಕೆಳಗಿಟ್ಟು ನನ್ನನ್ನು ನೋಡಿದರು. "ಹಾರ್ಟು ಹೇಗುಂಟು?"

"ಸರಿ ಉಂಟಂತೆ."

"ಒಳ್ಳೇದಾಯ್ತು. ಸರಿಯಿಲ್ಲದಿದ್ರೂ ನಾನು ಬರ್ತಿದ್ದೆ." ಅಪ್ಪನ ಕಡೆ ತಿರುಗಿ, "ವೀಳ್ಯಕ್ಕೆ ಒಂದು ದಿನ ನೋಡುವ," ಎಂದರು. ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮದುವೆ ಆ ಬೇಸಿಗೆಯಲ್ಲೇ ಆಯಿತು.

ಇಲ್ಲಿಯವರೆಗೆ ಬರೆದದ್ದನ್ನು ಮೊನ್ನೆ ಪೆರಾಬೆಗೆ ಹೋಗಿದ್ದಾಗ ಅಕ್ಕನಿಗೆ ಓದಿ ಹೇಳಿದೆ. ಭಾವನೂ ಇದ್ದರು. ಆ ದಿನ ನಾನು ಲೋಟೆ ಕೆಳಗಿಟ್ಟದ್ದು ಅವರಿಗೆ ನೆನಪೇ ಇಲ್ಲ, ಹಟ್ಟಿಯನ್ನು ಹೊಗಳಿದ್ದು ಮಾತ್ರ ಇದೆ. ಅಕ್ಕ ಬಸಳೆ ಬಿಡಿಸುತ್ತ ಕೇಳಿದಳು.

"ಕಾಫಿ ನಿನ್ನನ್ನು ಮಾತಾಡಿಸಿದ್ದಲ್ಲ," ಎಂದಳು. "ಆಸ್ಪತ್ರೆಯ ಜಗಲಿಯಲ್ಲಿ ಇವರ ನೆಂಟರು ನಿನ್ನನ್ನು ನೋಡಿದ್ರು. ಡಾಕ್ಟ್ರು ಸರ್ಟಿಫಿಕೇಟು ಕೊಡ್ಲಿಲ್ಲ ಅಂತ ಇಲ್ಲಿ ಗೊತ್ತಿತ್ತು. ಅಡಗಿಸ್ತಾರಾ ನೋಡುವ ಅಂತ ಕೂತದ್ದು. ನೀನು ಅಡಗಿಸ್ಲಿಲ್ಲ, ಅದೇ ಅವರಿಗೆ ಹಿಡಿಸಿದ್ದು. ಇವರ ಅವ್ವ ಹೇಳಿದ್ದು ನನಗೆ, ನಮ್ಮ ದೊಡ್ಡವ ಹುಟ್ಟಿದ ಮೇಲೆ."

"ಹಾಗಾದ್ರೆ ನಾನು ಯಾಕೆ ಹೇಳಿದ್ದು?"

"ನನಗೆ ಎಂತ ಗೊತ್ತು? ನಿನಗೆ ಸಣ್ಣದಿರುವಾಗಿಂದ ಗುಟ್ಟು ನಿಲ್ಲುದಿಲ್ಲ. ಆಗ ನೀನು ಹಾಲು ಕುಡಿಯುದಿತ್ತು."

ಭಾವ ನಕ್ಕರು. ನಾನು ಆ ಸಾಲುಗಳನ್ನು ಹೊಡೆದು ಹಾಕಬೇಕೇ ಎಂದು ಯೋಚಿಸುತ್ತಿದ್ದೆ. ಆ ಕಾಫಿಯಿಂದ ತಲೆ ತಿಳಿಯಾದದ್ದು, ಬೆವರಿದ್ದು ಸುಳ್ಳಲ್ಲ. ಅದರ ಮುಂದಿನದು ಕಾಫಿಯದ್ದೋ ನನ್ನದೋ ಎಂದು ಬೇರ್ಪಡಿಸಲು ನನಗೆ ಈಗಲೂ ಬರುವುದಿಲ್ಲ.

"ಮತ್ತೊಂದು ತಪ್ಪುಂಟು," ಎಂದಳು ಅಕ್ಕ. "ಇವರ ಅಪ್ಪ ಬಂದ ದಿವಸ ನಾನು ಅಡಿಗೆಮನೆ ಬಾಗಿಲಲ್ಲಿ ಇರ್ಲಿಲ್ಲ. ಹಟ್ಟಿಯಲ್ಲಿದ್ದೆ."

"ನೀನು ನಿಂತದ್ದು ನನಗೆ ಕಾಣ್ತಾ ಉಂಟು."

"ನಿನಗೆ ಕಾಣಬಹುದು. ಆ ದಿವಸಗಳಲ್ಲಿ ನಾಯಿ ಬೊಗಳಿದ ಕೂಡ್ಲೆ ನಾನು ಹಟ್ಟಿಗೆ ಓಡ್ತಿದ್ದೆ, ಬಂದವರ ಮಾತು ಕಿವಿಗೆ ಬೀಳ್ಬಾರ್ದು ಅಂತ. ಹಾಕಿದ್ದ ಹುಲ್ಲನ್ನೇ ತೆಗ್ದು ಮತ್ತೆ ಹಾಕುದು. ನೀವು ಯಾರೂ ನೋಡ್ಲಿಲ್ಲ. ನಿನ್ನ ತಲೆನೋವೇ ದೊಡ್ಡದಿತ್ತಲ್ಲ ಮನೆಯಲ್ಲಿ."

"ಹಾಗಾದ್ರೆ ಒಪ್ಪಿಗೆ ಆಯ್ತು ಅಂತ ನಿನಗೆ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ," ಎಂದಳು. ಬಸಳೆಯ ದಂಟು ಮುರಿಯುವುದನ್ನು ನಿಲ್ಲಿಸಿದಳು. "ಅವ್ವ ಚೆಂಬು ಹಿಡ್ಕೊಂಡು ಓಡಿ ಬಂದು, ದನಕ್ಕೆ ಹೊತ್ತಾಗ್ಲಿಲ್ಲ ಅಂತ ನೋಡದೆ ಹಾಲು ಕರೆಯಲಿಕ್ಕೆ ಕೂತದ್ದು. ಬೆಳಿಗ್ಗಿನ ಹಾಲು ಮುಗ್ದಿತ್ತು. ಬೇಡ ಅನ್ಲಿಕ್ಕೆ ಬಂದವರಿಗೆ ಎರಡನೇ ಸಲ ಕಾಫಿ ಮಾಡ್ಲಿಕ್ಕಿಲ್ಲಲ್ಲ. ಆಗ ಗೊತ್ತಾಯ್ತು."